ಗಿರಣಿ ಮುಂದೆ ಮೂರನೇ ಸಲ ಪೈಪು ಒಡೆದಿದೆ: ಹಳೆ ನೀರಿನ ಲೈನು, ಯುಜಿಡಿ (ಒಳಚರಂಡಿ) ನೋಡಿಕೊಳ್ಳಲು ದುಡ್ಡು ಎಲ್ಲಿಂದ ಬರಬೇಕು?

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿ ತಿರುವಿನಲ್ಲಿ ಹಿಟ್ಟಿನ ಗಿರಣಿ ಇದೆ. ಅದರ ಮುಂದೆ ಯುಗಾದಿಯಿಂದ ಈಚೆಗೆ ಮೂರು ಸಲ ನೀರಿನ ಪೈಪು ಒಡೆದಿದೆ. ಫೋನ್ ಮಾಡಿದರೆ ಬರುತ್ತಾರೆ, ಅಗೆಯುತ್ತಾರೆ, ಜೋಡಿಸುತ್ತಾರೆ, ಮಣ್ಣು ಮುಚ್ಚುತ್ತಾರೆ. ಬಂದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮೊನ್ನೆ ರಾತ್ರಿ 11ರ ತನಕ ಮೊಣಕಾಲುದ್ದ ಕೆಸರಲ್ಲಿ ನಿಂತು ಕೆಲಸ ಮಾಡಿದರು. ನಮ್ಮವ್ವ ಚಹಾ ಮಾಡಿ ಕೊಟ್ಟಳು. ಆದರೆ ಒಂದು ಮಾರು ಆಚೆಗೆ ಮತ್ತೆ ಒಡೆಯುತ್ತದೆ. ಸರಿಯಾದ ಮೇಲೂ ಮೊದಲ ಎರಡು ಕೊಡ ಚಹಾದ ಬಣ್ಣದ ನೀರೇ ಬರುತ್ತದೆ.

ಈ ಭಾನುವಾರ ನಮ್ಮ ಬೀದಿಯ ಮೂವತ್ತು ಮನೆಯವರು ಸೇರುತ್ತಿದ್ದೇವೆ. ಮನವಿ ಕೊಡಬೇಕು ಅಂತ. ಅರ್ಧ ಜನ ಹೊಸ ಪೈಪ್‌ಲೈನ್ ಕೇಳೋಣ ಅನ್ನುತ್ತಾರೆ. ಇನ್ನರ್ಧ ಜನ, ಸರಿ ಆಗೋವರೆಗೆ ನೀರಿನ ಬಿಲ್ ಕಟ್ಟೋದೇ ಬೇಡ ಅನ್ನುತ್ತಾರೆ. ಮನವಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೆನ್ನು ಹಿಡಿದು ಕೂತರೆ ಏನು ಕೇಳಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ಈ ಪೈಪು ಯಾಕೆ ಹೀಗೆ ಒಡೆಯುತ್ತದೆ? ಇದಕ್ಕೆ ದುಡ್ಡು ಯಾರು ಕೊಡುತ್ತಾರೆ, ಯಾವ ಲೆಕ್ಕದಿಂದ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಜೆಇ, ಹೊಸಪೇಟೆ

ತಮ್ಮಾ, ನಾನು ಜೂನಿಯರ್ ಇಂಜಿನಿಯರ್ ಆಗಿ ನೀರಿನ ಕೆಲಸದಲ್ಲೇ ಮುಪ್ಪಾದವನು. ಮೊದಲು ಮಣ್ಣಿನ ಕಥೆ ಹೇಳುತ್ತೇನೆ, ದುಡ್ಡಿನ ಕಥೆ ಆಮೇಲೆ.

ನಮ್ಮ ಕಡೆ ಬಹಳಷ್ಟು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಅದರೊಳಗೆ ಮಲಗಿಸಿದ ಪೈಪನ್ನು ಪ್ರತಿ ವರ್ಷ ಒಮ್ಮೆ ಕೆಳಗೆಳೆದು, ಒಮ್ಮೆ ಮೇಲೆತ್ತಿದ ಹಾಗೆ ಆಗುತ್ತದೆ. ಹಳೆ ಬಡಾವಣೆಗಳಲ್ಲಿ ಎ.ಸಿ. ಪೈಪು ಜಾಸ್ತಿ ಹಾಕಿದ್ದರು, ಅಂದರೆ ಕಲ್ನಾರು ಸೇರಿಸಿದ ಸಿಮೆಂಟಿನ ಪೈಪು. ಅದಕ್ಕೆ ಬಾಗುವುದು ಗೊತ್ತಿಲ್ಲ, ಸೀಳುವುದು ಗೊತ್ತು. ಒಂದು ಕಡೆ ಸೀಳಿದ್ದನ್ನು ಗಟ್ಟಿಯಾಗಿ ಜೋಡಿಸಿದರೆ ಮಣ್ಣಿನ ಎಳೆತ ಪಕ್ಕದ ಜಾಯಿಂಟಿಗೆ ಹೋಗುತ್ತದೆ. ಅದಕ್ಕೇ ನಿಮ್ಮಲ್ಲಿ ಒಂದು ಮಾರು ಆಚೆಗೆ ಒಡೆಯುತ್ತಿದೆ. ಜೋಡಿಸುವಾಗ ಪೈಪಿನ ಕೆಳಗೆ, ಸುತ್ತ ಮರಳೋ ಗರಸೋ ತುಂಬಬೇಕು. ಅಗೆದ ಎರೆ ಮಣ್ಣನ್ನೇ ತಿರುಗಿ ತುಂಬಿದರೆ ಮುಂದಿನ ಮಳೆಗೆ ಮತ್ತೆ ಅದೇ ಪಾಡು. ರಾತ್ರಿ 11ಕ್ಕೆ ಜನ ನೀರು ನೀರು ಅಂತ ನಿಂತಿದ್ದಾಗ ಮರಳಿನ ಟ್ರ್ಯಾಕ್ಟರ್ ಎಲ್ಲಿಂದ ತರಬೇಕು? ಗೋದಾಮಿನಲ್ಲಿ ಮರಳು, ಪೈಪು ಜೋಡಿಸುವ ಕಾಲರು, ರಬ್ಬರ್ ರಿಂಗು ಮೊದಲೇ ಇದ್ದರೆ ಮಾತ್ರ ಆದೀತು. ಅದನ್ನು ಇಡಲು ದುಡ್ಡು ಬೇಕು. ಅಲ್ಲಿಂದ ನಿಮ್ಮ ಎರಡನೇ ಪ್ರಶ್ನೆ ಶುರುವಾಗುತ್ತದೆ.

ಇನ್ನೊಂದು ಮಾತು. ನೀರು ದಿನವಿಡೀ ಬರದೆ ಬಿಟ್ಟು ಬಿಟ್ಟು ಬಂದರೆ ಪೈಪಿಗೆ ಕೇಡು ಜಾಸ್ತಿ. ವಾಲ್ ತಿರುವಿದಾಗ ಒಳಗಿನ ಗಾಳಿ, ನೀರು ಒಟ್ಟಿಗೆ ಓಡಿ ಜಾಯಿಂಟುಗಳಿಗೆ ಹೊಡೆತ ಬೀಳುತ್ತದೆ. ನೀರು ನಿಲ್ಲಿಸಿದಾಗ ಪೈಪು ಖಾಲಿ ಆಗುತ್ತಾ ಹೊರಗಿನದನ್ನು ಒಳಗೆ ಎಳೆಯುತ್ತದೆ. ಹೊರಗೆ ಚರಂಡಿ ನೀರು ನಿಂತಿದ್ದರೆ ಅದನ್ನೇ ಎಳೆಯುತ್ತದೆ. ನಿಮ್ಮ ಚಹಾ ಬಣ್ಣದ ನೀರಿನಲ್ಲಿ ಬರೀ ಮಣ್ಣಿದೆ ಅಂದುಕೊಳ್ಳಬೇಡಿ. ಆ ಎರಡು ಕೊಡ ಚೆಲ್ಲಿ. ಮೂರನೆಯದನ್ನೂ ಕುದಿಸಿಯೇ ಕುಡಿಯಿರಿ.

ಸತ್ಯನಾರಾಯಣಪೇಟೆ ಗೃಹಿಣಿ

ಸರ್, ಒಂದು ಪ್ರಶ್ನೆ. ನಮ್ಮ ಸಾಲಿನಲ್ಲಿ ಎಲ್ಲರೂ ನಲ್ಲಿಗೇ ಮೋಟಾರ್ ಕೂರಿಸಿದ್ದಾರೆ. ನಾವೂ ಹೋದ ವರ್ಷ ಹಾಕಿಸಿದೆವು. ಹಾಕದಿದ್ದರೆ ನಮ್ಮ ಸಂಪಿಗೆ ಹನಿ ನೀರು ಬರುವುದಿಲ್ಲ. ಇದರಿಂದಲೂ ಗಲೀಜು ಒಳಗೆ ಬರುತ್ತದೆಯಾ?

ಬಿಲ್ ವಿಷಯಕ್ಕೆ ಬಂದರೆ, ನಾನು ಕಟ್ಟಲು ತಯಾರಿದ್ದೇನೆ. ಆದರೆ ಕುಡಿಯುವ ನೀರಿಗೆ ಈಗಾಗಲೇ ಬೇರೆ ಕಡೆ ಕಟ್ಟುತ್ತಿದ್ದೇನಲ್ಲ. ಮೂಲೆಯ ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನಿಗೆ 5 ರೂಪಾಯಿ. ದಿನಕ್ಕೆ ಒಂದು ಕ್ಯಾನ್. ಬೇಸಿಗೆಯಲ್ಲಿ ಟ್ಯಾಂಕರ್ ಬೇರೆ. ಒಂದೇ ನೀರಿಗೆ ಮೂರು ಕಡೆ ದುಡ್ಡು ಕೊಟ್ಟು ಸಾಕಾಗಿದೆ.

ನಿವೃತ್ತ ಜೆಇ, ಹೊಸಪೇಟೆ

ಹೌದು ತಾಯಿ, ಬರುತ್ತದೆ. ಮೋಟಾರ್ ಎಳೆಯುವುದು ನೀರನ್ನಷ್ಟೇ ಅಲ್ಲ. ಬೀದಿಯಲ್ಲಿ ಎಲ್ಲಿ ಸಣ್ಣ ತೂತಿದ್ದರೂ ಅಲ್ಲಿಂದ ಹೊರಗಿನ ಕೊಳೆ ಒಳಗೆ ಬರುತ್ತದೆ. ನಿಮ್ಮೊಬ್ಬರ ಮನೆಗಲ್ಲ, ಪಕ್ಕದವರಿಗೂ ಹೋಗುತ್ತದೆ. ನಿಮ್ಮನ್ನು ಬೈಯುತ್ತಿಲ್ಲ. ಒತ್ತಡ ಇಲ್ಲದ ಲೈನಿನಲ್ಲಿ ಜನ ಬೇರೆ ಏನು ಮಾಡಬೇಕು? ಆದಷ್ಟು ಬೇಗ ನೀರನ್ನು ತಾನಾಗಿ ಸಂಪಿಗೆ ಬೀಳುವ ಹಾಗೆ ಮಾಡಿಸಿ, ಮೋಟಾರನ್ನು ಸಂಪಿನಿಂದ ಮೇಲಿನ ಟ್ಯಾಂಕಿಗೆ ಮಾತ್ರ ಇಡಿ. ಸಾಲಿನ ಎಲ್ಲರೂ ಒಟ್ಟಿಗೆ ತೆಗೆದರೆ ಒತ್ತಡ ಸ್ವಲ್ಪ ಸುಧಾರಿಸುತ್ತದೆ. ಒಬ್ಬರೇ ತೆಗೆದರೆ ಅವರಿಗೇ ನಷ್ಟ, ಅದು ನನಗೂ ಗೊತ್ತು.

ರಾಯಚೂರಿನ ಅಕ್ಕ

ಜೆಇ ಸರ್ ಹೇಳಿದ್ದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಮೇ ಕೊನೆ, ಜೂನ್ ಮೊದಲ ವಾರ ನಮ್ಮೂರಿನಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತಿದೆ. ಕಲುಷಿತ ನೀರು ಕುಡಿದು ವಾಂತಿ ಭೇದಿಯಿಂದ ಹಲವರು ತೀರಿಕೊಂಡರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ಎರಡು ನದಿಗಳ ನಡುವಿನ ಊರು ನಮ್ಮದು. ಅಂಥ ಊರಲ್ಲಿ ನಲ್ಲಿ ನೀರಿನಿಂದ ಸಾವು. ಆ ಎರಡು ವಾರ ನಾನು ಮಕ್ಕಳಿಗೆ ಹಲ್ಲುಜ್ಜಲೂ ಕುದಿಸಿದ ನೀರೇ ಕೊಟ್ಟೆ. ಈಗಲೂ ಜೂನ್ ಬಂದರೆ ಕೈ ತಾನಾಗಿ ಒಲೆ ಕಡೆ ಹೋಗುತ್ತದೆ.

ಆಗಿನಿಂದ ನಾನು ಕಲಿತದ್ದು ಇಷ್ಟು. ನೀರು ಶುದ್ಧ ಮಾಡುವ ಘಟಕ ಕಟ್ಟಿದ ಮೇಲೆ ಕೆಲಸ ಮುಗಿಯಲಿಲ್ಲ. ಮರಳಿನ ಫಿಲ್ಟರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯುತ್ತಿರಬೇಕು. ಮರಳು ಸವೆದರೆ ಹೊಸದು ತುಂಬಬೇಕು. ಪ್ರತಿ ದಿನ ಕ್ಲೋರಿನ್ ಹಾಕಬೇಕು. ಲೈನಿನ ಕಟ್ಟಕಡೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷೆ ಏನೂ ಕಷ್ಟವಿಲ್ಲ. ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಎರಡು ಹನಿ ದ್ರಾವಣ ಹಾಕಿದರೆ ಹಳದಿ ಆಗುತ್ತದೆ. ಆಗಲಿಲ್ಲ ಅಂದರೆ ಕ್ಲೋರಿನ್ ಇಲ್ಲ. ಆಶಾ ಕಾರ್ಯಕರ್ತೆಯರಿಗೆ, ಆರೋಗ್ಯ ಇಲಾಖೆಯವರಿಗೆ ಇದು ಚೆನ್ನಾಗಿ ಗೊತ್ತು. ನಿಮ್ಮ ಮನವಿಯಲ್ಲಿ ಹೊಸ ಪೈಪು ಕೇಳುವ ಮೊದಲು ಇದನ್ನು ಕೇಳಿ: ನಮ್ಮ ಬೀದಿಯ ಕೊನೆಯ ನಲ್ಲಿಯಲ್ಲಿ ಯಾವ ದಿನ ಎಷ್ಟು ಕ್ಲೋರಿನ್ ಇತ್ತು? ಆ ಪುಸ್ತಕ ತೋರಿಸಿ.

ಲೆಕ್ಕದ ಮೇಷ್ಟ್ರು, ಬಳ್ಳಾರಿ

ದುಡ್ಡಿನ ಪ್ರಶ್ನೆಗೆ ನಾನು ಕೈ ಹಾಕುತ್ತೇನೆ. ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಹೇಳಿಕೊಡುತ್ತೇನೆ, ನಗರಗಳ ಬಜೆಟ್ ಪುಸ್ತಕ ಓದುವುದು ನನ್ನ ಹವ್ಯಾಸ. ಸ್ವಲ್ಪ ಉದ್ದ ಆಗುತ್ತದೆ.

ನೀರಿಗೆ ಎರಡು ಥರದ ದುಡ್ಡು ಬೇಕು. ಒಂದು ಕಟ್ಟುವ ದುಡ್ಡು, ಇನ್ನೊಂದು ನಡೆಸುವ ದುಡ್ಡು. ಕಟ್ಟುವ ದುಡ್ಡು ಮೇಲಿನಿಂದ ಬರುತ್ತದೆ. 2015ರಲ್ಲಿ ಊರುಗಳ ನೀರು, ಒಳಚರಂಡಿಗೆ ಅಂತ ಕೇಂದ್ರದ ಅಮೃತ್ ಯೋಜನೆ ಬಂತು. 2021ರ ಅಕ್ಟೋಬರ್‌ನಲ್ಲಿ ಅಮೃತ್ 2.0 ಬಂತು. ಅದರ ಪ್ರಕಾರ 1 ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿಗೆ ಯೋಜನೆಯ ಅರ್ಧ ಖರ್ಚು ಕೇಂದ್ರದ್ದು. 1 ಲಕ್ಷದಿಂದ 10 ಲಕ್ಷದವರೆಗಿನ ಊರಿಗೆ ಮೂರರಲ್ಲಿ ಒಂದು ಪಾಲು. 2011ರ ಜನಗಣತಿ ಪ್ರಕಾರ ಬಳ್ಳಾರಿ 4 ಲಕ್ಷ ದಾಟಿದೆ, ಕೊಪ್ಪಳ 1 ಲಕ್ಷದ ಒಳಗಿದೆ. ಹಾಗಾಗಿ ಕೊಪ್ಪಳದ ಪಾಲು ಬೇರೆ, ನಮ್ಮ ಪಾಲು ಬೇರೆ. ಇದಕ್ಕೂ ಮೊದಲು ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲದಿಂದ ಉತ್ತರ ಕರ್ನಾಟಕದ 25 ಊರುಗಳಿಗೆ ಒಂದು ದೊಡ್ಡ ಯೋಜನೆ ನಡೆಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯ ಊರುಗಳು ಅದರಲ್ಲಿದ್ದವು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಬೇರೆ ಇದೆ.

15ನೇ ಹಣಕಾಸು ಆಯೋಗ 2021ರಿಂದ 2026ರ ವರೆಗೆ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ 60% ಹೇಳಿದ ಕೆಲಸಕ್ಕೇ ಬಳಸಬೇಕಾದದ್ದು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆ ನೀರು, ನೀರಿನ ಮರುಬಳಕೆಗೆ. ಇನ್ನರ್ಧ ಸ್ವಚ್ಛತೆಗೆ. ಹಾಗಾದರೆ ದುಡ್ಡಿಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ, ಅಲ್ವಾ?

ಕಷ್ಟ ಇರುವುದು ಎರಡನೇ ದುಡ್ಡಿನಲ್ಲಿ. ವಾಲ್‌ಮ್ಯಾನ್ ಸಂಬಳ, ಜೆಸ್ಕಾಂ ಕರೆಂಟ್ ಬಿಲ್, ನೀರು ತಿಳಿಯಾಗಿಸುವ ಆಲಂ, ಕ್ಲೋರಿನ್, ಪಂಪಿನ ಬೇರಿಂಗು, ಜೆಇ ಸರ್ ಹೇಳಿದ ಮರಳು ಮತ್ತು ಕಾಲರು. ಇದನ್ನು ಪ್ರತಿ ತಿಂಗಳು ಊರೇ ಹುಟ್ಟಿಸಬೇಕು. ನೀರಿನ ಬಿಲ್ಲಿನಿಂದಲೋ, ಕಂದಾಯದಿಂದಲೋ. ಬಿಲ್ ಅರ್ಧ ಜನ ಕಟ್ಟದಿದ್ದರೆ ಮೊದಲು ನಿಲ್ಲುವುದು ಯಾವುದು? ಸಂಬಳ ನಿಲ್ಲಿಸುವ ಹಾಗಿಲ್ಲ. ಕರೆಂಟ್ ಬಿಲ್ ಮುಂದೂಡಬಹುದು, ಬಿಡುವ ಹಾಗಿಲ್ಲ. ಉಳಿದದ್ದು ರಿಪೇರಿ. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಅಂತ ಮುಂದೆ ಹೋಗುವುದು ಅದೇ.

ಇನ್ನೊಂದು ಖರ್ಚು ಯಾರ ಕಣ್ಣಿಗೂ ಕಾಣುವುದಿಲ್ಲ. ಸುಮ್ನೆ ಲೆಕ್ಕಕ್ಕೆ ಹಿಡಿಯಿರಿ: ಒಂದು ಬಡಾವಣೆಗೆ 1 ಕೋಟಿಯ ಪೈಪು ಹಾಕಿದರು, ಅದು 40 ವರ್ಷ ಬಾಳುತ್ತದೆ. ಅಂದರೆ ಪ್ರತಿ ವರ್ಷ ಎರಡೂವರೆ ಲಕ್ಷದ ಪೈಪು ಸವೆದು ಹೋಗುತ್ತಿದೆ. ಆ ಎರಡೂವರೆ ಲಕ್ಷವನ್ನು ಪ್ರತಿ ವರ್ಷ ಎತ್ತಿಟ್ಟರೆ 40ನೇ ವರ್ಷ ಯಾರ ಕೈಯನ್ನೂ ನೋಡಬೇಕಿಲ್ಲ. ರೇಟು ಏರಿದ್ದಕ್ಕೆ ಬಡ್ಡಿ ಸರಿಹೋದೀತು. ಎತ್ತಿಡದಿದ್ದರೆ 40ನೇ ವರ್ಷ ಹೊಸ ಯೋಜನೆಗೆ, ಹೊಸ ಸಾಲಕ್ಕೆ ಕಾಯಬೇಕು. ಎತ್ತು ಮುದಿಯಾಗುತ್ತದೆ ಅಂತ ಕರು ಸಾಕುವ ರೈತನಿಗೆ ಈ ಲೆಕ್ಕ ಗೊತ್ತು.

ಗಣಿ ಊರಿನ ಹುಡುಗ, ಸಂಡೂರು

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಕೇಳುತ್ತೇನೆ. ನಮ್ಮ ಜಿಲ್ಲೆಯ ಮಣ್ಣು ಅಗೆದು ಅದಿರು ತೆಗೆದುಕೊಂಡು ಹೋಗಿದ್ದಾರೆ. ಗಣಿಯವರು ದುಡ್ಡು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಅದಕ್ಕೇ ಅಂತ ದುಡ್ಡಿದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಕುಡಿಯುವ ನೀರು ಅದರ ಆದ್ಯತೆ ಪಟ್ಟಿಯಲ್ಲೇ ಇದೆ. ಹೀಗಿರುವಾಗ ಕೂಲಿ ಮಾಡಿ ಬದುಕುವ ಮನೆಯವರು ಬಿಲ್ ಯಾಕೆ ಜಾಸ್ತಿ ಕಟ್ಟಬೇಕು? ನಮ್ಮವ್ವ ದಿನಕ್ಕೆ ದುಡಿಯುವುದು ಎಷ್ಟು ಅಂತ ನನಗೆ ಗೊತ್ತು. ಮೀಟರ್ ಅಂದ ತಕ್ಷಣ ಅವಳ ಮುಖ ಬಾಡುತ್ತದೆ.

ಲೆಕ್ಕದ ಮೇಷ್ಟ್ರು, ಬಳ್ಳಾರಿ

ನಿನ್ನ ಮಾತಿಗೆ ನಾನು ತಲೆಬಾಗುತ್ತೇನೆ ತಮ್ಮಾ. ಆ ದುಡ್ಡು ಬರಲೇಬೇಕು. ಗಣಿಯಿಂದ ಕೆಟ್ಟ ಊರುಗಳಿಗೆ ಅದು ಹಕ್ಕಿನ ದುಡ್ಡು. ಆದರೆ ಅದಿರು ಒಂದು ದಿನ ಮುಗಿಯುತ್ತದೆ, ನೀರಿನ ಬಾಯಾರಿಕೆ ಮುಗಿಯುವುದಿಲ್ಲ. ಮುಗಿಯುವ ದುಡ್ಡನ್ನು ಒಮ್ಮೆ ಮಾಡುವ ಕೆಲಸಕ್ಕೆ ಹಾಕಬೇಕು: ಟ್ಯಾಂಕು, ಮುಖ್ಯ ಪೈಪು, ಹೊಸ ಪಂಪು. ತಿಂಗಳ ಖರ್ಚನ್ನು ಅದರ ಮೇಲೆ ಹಾಕಿದರೆ ಗಣಿ ನಿಂತ ದಿನ ಪಂಪೂ ನಿಲ್ಲುತ್ತದೆ.

ಬಡವರ ಬಿಲ್ಲಿಗೆ ದಾರಿ ಇದೆ. ಊಟಕ್ಕೆ, ಸ್ನಾನಕ್ಕೆ ಬೇಕಾದ ಮೊದಲ ಭಾಗದ ನೀರಿಗೆ ತೀರಾ ಕಡಿಮೆ ದರ ಇಡಬೇಕು. ಅದರ ಮೇಲೆ ಬಳಸಿದರೆ ಜಾಸ್ತಿ. ಹೋಟೆಲು, ಲಾಡ್ಜು, ಕಲ್ಯಾಣ ಮಂಟಪಕ್ಕೆ ಇನ್ನೂ ಜಾಸ್ತಿ. ಇದು ಮೀಟರ್ ಇದ್ದರೆ ಮಾತ್ರ ಸಾಧ್ಯ. ಮೀಟರ್ ಇಲ್ಲದ ಊರಿನಲ್ಲಿ ನಿಮ್ಮವ್ವನೂ ಒಂದೇ ದರ, ನಾಲ್ಕು ಮಹಡಿ ಮನೆಯವರೂ ಒಂದೇ ದರ. ಈಗ ಮೋಸ ಆಗುತ್ತಿರುವುದು ನಿಮ್ಮವ್ವನಿಗೇ.

ಸತ್ಯನಾರಾಯಣಪೇಟೆಯ ತಂಗಿ ಹೇಳಿದ ಲೆಕ್ಕವನ್ನೇ ನೋಡಿ. 20 ಲೀಟರಿಗೆ 5 ರೂಪಾಯಿ ಅಂದರೆ ಸಾವಿರ ಲೀಟರಿಗೆ 250 ರೂಪಾಯಿ. ಸರ್ಕಾರಿ ಮಾನದಂಡದಂತೆ ಒಳಚರಂಡಿ ಇರುವ ಊರಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು. ಐದು ಜನರ ಮನೆಗೆ 675. ತಿಂಗಳಿಗೆ ಸುಮಾರು 20 ಸಾವಿರ ಲೀಟರ್. ಸಾವಿರ ಲೀಟರಿಗೆ 10 ರೂಪಾಯಿ ಇಟ್ಟರೂ ಇಡೀ ಮನೆಗೆ 200 ರೂಪಾಯಿ. ಆಕೆ ಕ್ಯಾನ್ ನೀರಿಗೇ ತಿಂಗಳಿಗೆ 150 ಕೊಡುತ್ತಿದ್ದಾರೆ, ಅದೂ 600 ಲೀಟರಿಗೆ. ಜನರಿಗೆ ಕೊಡಲು ಮನಸ್ಸಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಂಬಿಕೆ ಇಲ್ಲ, ಅಷ್ಟೇ.

ಗಣಿ ಊರಿನ ಹುಡುಗ, ಸಂಡೂರು

ಮೊದಲ ಭಾಗಕ್ಕೆ ಕಡಿಮೆ ದರ ಅಂತ ಬರೆದು ಕೊಟ್ಟರೆ ನಾನೂ ಮೀಟರ್‌ಗೆ ಒಪ್ಪುತ್ತೇನೆ. ಬರೆದು ಕೊಡದೆ ಮೀಟರ್ ಹಾಕಲು ಬಂದರೆ ಒಪ್ಪುವುದಿಲ್ಲ.

ಯುಜಿಡಿ ಕೆಲಸಗಾರನ ಮಗಳು

ಇಷ್ಟೂ ಹೊತ್ತು ನೀರು ಬರುವ ಪೈಪಿನ ಮಾತಾಯಿತು. ನೀರು ಹೋಗುವ ಪೈಪಿನ ಬಗ್ಗೆ ಯಾರೂ ಬರೆಯಲಿಲ್ಲ. ಯಾವಾಗಲೂ ಹೀಗೇ ಆಗುತ್ತದೆ.

ಮನೆಗೆ ಬಂದ ನೀರಿನಲ್ಲಿ ಹತ್ತಿರ ಹತ್ತಿರ 80% ಕೊಳಚೆಯಾಗಿ ಹೊರಗೆ ಹೋಗುತ್ತದೆ. ಮೇಷ್ಟ್ರ ಲೆಕ್ಕದ ಮನೆಯಿಂದ ದಿನಕ್ಕೆ 540 ಲೀಟರ್. ನಲ್ಲಿ ಒಂದು ದಿನ ಬರದಿದ್ದರೆ ಬೀದಿಯೆಲ್ಲ ಸೇರುತ್ತದೆ. ಯುಜಿಡಿ ಕಟ್ಟಿಕೊಂಡರೆ ಮ್ಯಾನ್‌ಹೋಲ್ ಉಕ್ಕಿದ ಮನೆಯವರು ಮಾತ್ರ ಫೋನ್ ಮಾಡುತ್ತಾರೆ. ಅದಕ್ಕೇ ದುಡ್ಡು ಬಂದಾಗ ನೀರಿಗೆ ಮೊದಲು, ಯುಜಿಡಿಗೆ ಉಳಿದದ್ದು.

ನಮ್ಮಪ್ಪ ಬಹಳ ವರ್ಷ ಈ ಕೆಲಸ ಮಾಡಿದರು. ಯಾವ ಊರು, ಯಾರ ಕೈಕೆಳಗೆ ಅಂತ ನಾನು ಬರೆಯುವುದಿಲ್ಲ. ಚಿಕ್ಕವಳಿದ್ದಾಗ ಅವರು ಬಾಗಿಲಲ್ಲೇ ನಿಂತು, ಸ್ನಾನ ಆಗುವ ತನಕ ನನ್ನನ್ನು ಮುಟ್ಟುತ್ತಿರಲಿಲ್ಲ. ಒಂದು ಸಲ ಗುಂಡಿಯೊಳಗೆ ತಲೆಸುತ್ತಿ ಬಿದ್ದರು. ಮೇಲಿದ್ದ ಜೊತೆಗಾರ ಹಗ್ಗ ಎಳೆದದ್ದಕ್ಕೆ ಉಳಿದರು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಬಂದ ಮೇಲೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಒಳಗೆ ಇಳಿಸುವುದು ಅಪರಾಧ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮ್ಯಾನ್‌ಹೋಲ್‌ನಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಅಪ್ಪ ಇರುವುದೇ ನನಗೆ ಕೋಟಿ.

ಒಳಗಿನ ಗಾಳಿಯ ಬಗ್ಗೆ ಒಂದು ವಿಷಯ ಹೇಳಬೇಕು. ಕೊಳಚೆ ನಿಂತಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ವಾಸನೆಯೇ ತಿಳಿಯುವುದಿಲ್ಲ, ಮೂಗು ಸತ್ತು ಹೋಗುತ್ತದೆ. ಅದೇ ಅನಿಲ ಪೈಪಿನ ನೆತ್ತಿಗೆ ಹೋಗಿ, ಅಲ್ಲಿನ ತೇವದಲ್ಲಿ ಸೂಕ್ಷ್ಮಜೀವಿಗಳಿಂದ ಗಂಧಕದ ಆಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಮೇಲಿನ ರಸ್ತೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದು ದಿನ ಲಾರಿ ಚಕ್ರ ಕುಸಿಯುತ್ತದೆ. ಹಳೆ ಯುಜಿಡಿ ಕೆಡುವುದು ಹೀಗೆ. ಕೊಳಚೆ ನಿಲ್ಲದಂತೆ, ಜೋರಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರದಿಂದ ಆಗಾಗ ತೊಳೆದರೆ ಪೈಪೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ಯಂತ್ರ ಕೊಂಡರೆ ಸಾಲದು. ಅದರ ಡೀಸೆಲ್, ಹೋಸ್ ಪೈಪು, ಡ್ರೈವರ್ ಸಂಬಳ ಎಲ್ಲದಕ್ಕೂ ಬಜೆಟ್‌ನಲ್ಲಿ ಸಾಲು ಇರಬೇಕು. ಟೈರ್ ಇಲ್ಲದೆ ನಿಂತ ಯಂತ್ರ ಅಂದರೆ ಮತ್ತೆ ಒಬ್ಬ ಮನುಷ್ಯ ಒಳಗೆ ಇಳಿಯುತ್ತಾನೆ ಅಂತಲೇ ಅರ್ಥ.

ಮನವಿ ಬರೆಯುವ ಅಣ್ಣ, ಇದನ್ನು ಕೊನೆಯ ಸಾಲಿಗೆ ತಳ್ಳಬೇಡಿ.

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ತಂಗಿ, ನಿಮ್ಮ ಬರಹವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅವ್ವ ಮಾತಾಡಲಿಲ್ಲ. ಇವತ್ತು ಸಂಜೆ ನಾನು ಬೀದಿ ತುಂಬ ನಡೆದು ಮ್ಯಾನ್‌ಹೋಲ್ ಎಣಿಸಿದೆ. ಏಳು ಇವೆ. ಮೂರರ ಮೇಲೆ ಡಾಂಬರು ಹಾಕಿ ಮುಚ್ಚಿಬಿಟ್ಟಿದ್ದಾರೆ, ಗುರುತೂ ಸಿಗುವುದಿಲ್ಲ. ಒಂದರ ಮುಚ್ಚಳ ಒಡೆದಿದೆ. ಹುಟ್ಟಿದಾಗಿನಿಂದ ಈ ಬೀದಿಯಲ್ಲೇ ಇದ್ದೇನೆ, ಇವತ್ತೇ ಮೊದಲು ಎಣಿಸಿದ್ದು.

ಗಂಗಾವತಿ ರೈತ

ನಾವು ಗದ್ದೆಯವರು, ಊರಿನ ಪೈಪು ನಮಗೆ ಅಷ್ಟು ಗೊತ್ತಿಲ್ಲ. ಆದರೆ ಹಳೆಯದನ್ನು ಕಾಪಾಡುವುದು ಗೊತ್ತು. ಆನೆಗುಂದಿ ಕಡೆ, ಹಂಪಿ ಕಡೆ ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ನೀರು ಹರಿಸುತ್ತವೆ. ಐನೂರು ವರ್ಷ ದಾಟಿದೆ. ಕಲ್ಲು ಗಟ್ಟಿ ಇತ್ತು ಅನ್ನುವುದು ಒಂದು ಕಾರಣ. ಪ್ರತಿ ವರ್ಷ ಹೂಳು ತೆಗೆದು, ಬಿದ್ದ ಕಲ್ಲು ಎತ್ತಿಟ್ಟವರು ಇದ್ದರು ಅನ್ನುವುದು ಇನ್ನೊಂದು. ಈಚೆಗೆ ಎಡಿಬಿ ನೆರವಿನಿಂದ ಅವುಗಳ ದುರಸ್ತಿಯೂ ನಡೆದಿದೆ.

ಅದೇ ತುಂಗಭದ್ರೆಯ ಮೇಲಿನ ನಮ್ಮ ಡ್ಯಾಮ್ ನೋಡಿ. 1953ರಲ್ಲಿ ನೀರು ನಿಲ್ಲಿಸಿದ್ದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಿತ್ತು ಗೇಟೇ ಕೊಚ್ಚಿ ಹೋಯಿತು. ಆ ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ತುಂಬಿದ ನೀರು ನದಿಗೆ ಹೋಗುತ್ತಿತ್ತು, ಎರಡನೇ ಬೆಳೆ ಕಣ್ಣೆದುರೇ ಹೋದ ಹಾಗಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆಹಲಗೆ ಇಳಿಸಿ ನಿಲ್ಲಿಸಿದವರಿಗೆ ನಾವು ಋಣಿ. ಆಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನ ಆಯಿತು. 2025ರ ಮಳೆಗಾಲದಲ್ಲಿ 80 ಟಿಎಂಸಿ ಆಸುಪಾಸಿಗೇ ನೀರು ನಿಲ್ಲಿಸಬೇಕಾಯಿತು. ಹೂಳು ತುಂಬಿ 133 ಟಿಎಂಸಿ ಇದ್ದದ್ದು 105.788ಕ್ಕೆ ಇಳಿದಿದೆ, ಅದರಲ್ಲೂ ಪೂರ್ತಿ ತುಂಬಿಸುವ ಹಾಗಿರಲಿಲ್ಲ. ಬಳ್ಳಾರಿಗೆ ಕುಡಿಯುವ ನೀರು ಕೊಡುವ ನಿಮ್ಮ ಅಲ್ಲೀಪುರ ಕೆರೆಗೂ ನಮ್ಮ ಭತ್ತಕ್ಕೂ ಒಂದೇ ಡ್ಯಾಮ್. ಒಂದು ಚೈನಿನ ಸವೆತ ಎಷ್ಟು ಜನರ ಹೊಟ್ಟೆಗೆ ತಟ್ಟಿತು ನೋಡಿ.

ಇನ್ನೊಂದು ಕೇಳಬೇಕು. ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಮಾರಬಹುದು ಅನ್ನುತ್ತಾರಲ್ಲ, ನಿಜವಾ?

ಲೆಕ್ಕದ ಮೇಷ್ಟ್ರು, ಬಳ್ಳಾರಿ

ನಿಜ. 2016ರ ಕೇಂದ್ರ ವಿದ್ಯುತ್ ದರ ನೀತಿಯಲ್ಲೇ ಇದೆ. ಕೊಳಚೆ ಶುದ್ಧೀಕರಣ ಘಟಕದಿಂದ 50 ಕಿ.ಮೀ. ಒಳಗಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳು ಆ ಶುದ್ಧ ಮಾಡಿದ ನೀರನ್ನು ಬಳಸಬೇಕು. ಬಳ್ಳಾರಿಗೆ ಕುಡಿತಿನಿ ಹತ್ತಿರ, ರಾಯಚೂರಿಗೆ ಶಕ್ತಿನಗರ ಹತ್ತಿರ. ಎರಡೂ 50 ಕಿ.ಮೀ. ಒಳಗೇ ಬರುತ್ತವೆ. ಅಲ್ಲಿಗೆ ಹೋಗುವ ನದಿ ನೀರಿನಲ್ಲಿ ಸ್ವಲ್ಪ ಉಳಿದರೂ ಕುಡಿಯಲು, ಗದ್ದೆಗೆ ಆಗುತ್ತದೆ. ಊರಿಗೆ ತಿಂಗಳ ಆದಾಯವೂ ಬರುತ್ತದೆ. ಆದರೆ ಮಾರುವ ನೀರು ದಿನವೂ ಒಂದೇ ಗುಣಮಟ್ಟದಲ್ಲಿರಬೇಕು. ಅದಕ್ಕೆ ಮನೆಗಳು ಯುಜಿಡಿಗೆ ಸೇರಿರಬೇಕು. ಬೀದಿಯಲ್ಲಿ ಯುಜಿಡಿ ಇದ್ದೂ ಮನೆಯ ಕೊಳಚೆ ಚರಂಡಿಗೇ ಹೋಗುತ್ತಿದ್ದರೆ ಘಟಕಕ್ಕೆ ಏನು ಬರುತ್ತದೆ? ಜೋಡಣೆಗೆ ಒಂದೇ ಸಲ ದುಡ್ಡು ಕೇಳದೆ ಕಂತಿನಲ್ಲಿ ತೆಗೆದುಕೊಂಡರೆ ಬಹಳ ಮನೆಗಳು ಸೇರುತ್ತವೆ.

ಸಾಲದ ವಿಷಯವನ್ನೂ ಹೇಳಿಬಿಡುತ್ತೇನೆ. 2005ರಲ್ಲಿ ಬೆಂಗಳೂರು ಸುತ್ತಲಿನ 8 ಸಣ್ಣ ಊರುಗಳು ಒಟ್ಟಾಗಿ ನೀರಿನ ಯೋಜನೆಗೆ 100 ಕೋಟಿಯ ಬಾಂಡ್ ಎತ್ತಿದವು. ಒಂಟಿಯಾಗಿ ಹೋಗಿದ್ದರೆ ಯಾರೂ ಕೊಡುತ್ತಿರಲಿಲ್ಲ. ನಮ್ಮ ಮೂರು ಜಿಲ್ಲೆಯ ಊರುಗಳೂ ಮುಂದೊಂದು ದಿನ ಹಾಗೆ ಕೂಡಬಹುದು. ಆದರೆ ಸಾಲ ಕೊಡುವವನು ಮೊದಲು ಕೇಳುವುದು ನೀರಿನದೇ ಬೇರೆ ಖಾತೆ ಇದೆಯಾ ಅಂತ. ನೀರಿನ ಬಿಲ್ಲಿನ ದುಡ್ಡು ಸಾಮಾನ್ಯ ಖಾತೆಗೆ ಬಿದ್ದು, ಬೀದಿ ದೀಪಕ್ಕೆ, ಇನ್ನೊಂದಕ್ಕೆ ಹೋಗಿ ಕರಗಿದರೆ ಯಾರು ನಂಬುತ್ತಾರೆ?

ನಿವೃತ್ತ ಜೆಇ, ಹೊಸಪೇಟೆ

ಬಾಂಡು, ಸಾಲ ಎಲ್ಲ ಸರಿ. ಅದಕ್ಕೂ ಮೊದಲು ಕೈಯಲ್ಲಿರುವುದನ್ನು ಉಳಿಸಬಹುದು. ನಿಮಿಷಕ್ಕೆ ಒಂದೇ ಲೀಟರ್ ಸೋರುವ ಜಾಯಿಂಟು ದಿನಕ್ಕೆ 1,440 ಲೀಟರ್ ಕಳೆಯುತ್ತದೆ. ಹತ್ತು ಜನರ ಪಾಲು. ಸಣ್ಣ ಧಾರೆ, ಯಾರೂ ತಿರುಗಿ ನೋಡುವುದಿಲ್ಲ. ಸೋರಿಕೆ, ಕದ್ದ ನೀರು, ಬಿಲ್ ಇಲ್ಲದ ನೀರು ಎಲ್ಲ ಸೇರಿ 20% ದಾಟಬಾರದು ಅಂತ 2008ರಲ್ಲೇ ಕೇಂದ್ರ ಸರ್ಕಾರ ಮಾನದಂಡ ಹಾಕಿದೆ. ಸೋರಿ ಹೋದ ನೀರನ್ನೂ ಕರೆಂಟ್ ಕೊಟ್ಟು ಎತ್ತಿರುತ್ತೇವೆ, ಆಲಂ, ಕ್ಲೋರಿನ್ ಹಾಕಿರುತ್ತೇವೆ.

ಪಂಪಿನದೂ ಹಾಗೇ. ಸಾವಿರ ಲೀಟರ್ ನೀರನ್ನು 60 ಮೀಟರ್ ಎತ್ತಲು ಒಳ್ಳೆಯ ಪಂಪು ಸುಮಾರು 0.22 ಯೂನಿಟ್ ತಿನ್ನುತ್ತದೆ. ಸವೆದು ದಕ್ಷತೆ 75%ನಿಂದ 50%ಗೆ ಇಳಿದರೆ 0.33 ಯೂನಿಟ್. ಒಂದೂವರೆ ಪಟ್ಟು. ದಿನಕ್ಕೆ ಲಕ್ಷಾಂತರ ಲೀಟರ್ ಎತ್ತುವ ಕಡೆ ಹೊಸ ಪಂಪಿನ ದುಡ್ಡು ಕರೆಂಟ್ ಬಿಲ್ಲಿನಲ್ಲೇ ವಾಪಸ್ ಬರುತ್ತದೆ. ನನ್ನ ಕೆಲಸದ ದಿನಗಳಲ್ಲಿ ಇದನ್ನು ಎಷ್ಟೋ ಸಲ ಬರೆದು ಕೊಟ್ಟಿದ್ದೇನೆ.

ನನಗೆ ಇನ್ನೂ ನೋವಿರುವುದು ನಕ್ಷೆಯ ವಿಷಯದಲ್ಲಿ. ಬೆಂಗಳೂರು ಬಿಟ್ಟು ಉಳಿದ ಊರುಗಳಲ್ಲಿ ದೊಡ್ಡ ಕೆಲಸವನ್ನು ನೀರು ಸರಬರಾಜು ಮಂಡಳಿ ಮಾಡಿ ಊರಿನ ಕೈಗೆ ಒಪ್ಪಿಸುತ್ತದೆ. ಒಪ್ಪಿಸುವಾಗ ಕಾಗದದ ನಕ್ಷೆ ಬರುತ್ತದೆ. ಆಮೇಲೆ ಹಾಕಿದ, ತಿರುಗಿಸಿದ, ಮುಚ್ಚಿದ ಲೈನುಗಳು ಇರುವುದು ವಾಲ್‌ಮ್ಯಾನ್ ತಲೆಯಲ್ಲಿ. ಅವನು ನಿವೃತ್ತಿಯಾದ ದಿನ ನಕ್ಷೆಯೂ ನಿವೃತ್ತಿ. ನನ್ನ ಜೊತೆ ಒಬ್ಬರಿದ್ದರು, ಕತ್ತಲಲ್ಲೂ ವಾಲ್ ಇರುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಅವರನ್ನು ಕೂರಿಸಿಕೊಂಡು ಎರಡು ದಿನ ಬರೆದುಕೊಂಡಿದ್ದರೆ ಸಾಕಿತ್ತು. ನಾನು ಮಾಡಲಿಲ್ಲ. ಅವರು ಈಗಿಲ್ಲ.

ಸತ್ಯನಾರಾಯಣಪೇಟೆ ಗೃಹಿಣಿ

ನಮ್ಮ ಬೀದಿಗೆ ನೀರು ಬಿಡುವ ಅಣ್ಣನಿಗೂ ವಯಸ್ಸಾಗಿದೆ. ನಾಳೆ ನೀರು ಬಿಡಲು ಬಂದಾಗ ಕೇಳಿ ಬರೆದುಕೊಳ್ಳುತ್ತೇನೆ. ನನ್ನ ಮಗ ಮೊಬೈಲಿನಲ್ಲಿ ಪ್ರತಿ ವಾಲ್‌ನ ಜಾಗ ಗುರುತು ಮಾಡುತ್ತಾನಂತೆ. ಮೋಟಾರ್ ವಿಷಯ ನಮ್ಮ ಸಾಲಿನ ಹೆಂಗಸರ ಹತ್ತಿರ ಮಾತಾಡಿದ್ದೇನೆ. ಹನ್ನೊಂದು ಮನೆಯಲ್ಲಿ ಆರು ಮನೆಯವರು ಒಪ್ಪಿದ್ದಾರೆ.

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ (ಶನಿವಾರ ರಾತ್ರಿ)

ಮನವಿ ಬರೆದಿದ್ದೇನೆ. ಬಿಲ್ ಕಟ್ಟುವುದಿಲ್ಲ ಅನ್ನುವ ಸಾಲು ತೆಗೆದುಬಿಟ್ಟೆ. ಕಟ್ಟದಿದ್ದರೆ ಮೊದಲು ನಿಲ್ಲುವುದು ನಮ್ಮದೇ ರಿಪೇರಿ ಅಂತ ಈಗ ಗೊತ್ತಾಗಿದೆ. ಹೊಸ ಪೈಪ್‌ಲೈನ್ ಕೇಳಿದ್ದೇನೆ, ಆದರೆ ಮೊದಲ ಸಾಲಿನಲ್ಲಿ ಅಲ್ಲ. ಬರೆದದ್ದು ಹೀಗಿದೆ, ತಿದ್ದುವುದಿದ್ದರೆ ಹೇಳಿ:

"ನಮ್ಮ ಬೀದಿಯ ನೀರಿನ ಪೈಪು ಮತ್ತು ಯುಜಿಡಿ ಯಾವ ವರ್ಷ ಹಾಕಿದ್ದು, ಯಾವ ಥರದ್ದು, ಎಲ್ಲೆಲ್ಲಿ ಹೋಗಿದೆ ಅಂತ ನಕ್ಷೆ ತೋರಿಸಬೇಕು. ಇಲ್ಲದಿದ್ದರೆ ನಮ್ಮ ಜೊತೆ ನಡೆದು ಬಂದು ಮಾಡಬೇಕು, ನಾವು ಸಹಾಯ ಮಾಡುತ್ತೇವೆ. ಮುಚ್ಚಿಹೋದ ಮೂರು ಮ್ಯಾನ್‌ಹೋಲ್‌ಗಳನ್ನು ರಸ್ತೆ ಮಟ್ಟಕ್ಕೆ ಎತ್ತಬೇಕು. ಯಂತ್ರದಿಂದಲೇ ಸ್ವಚ್ಛ ಮಾಡಬೇಕು, ನಮ್ಮ ಬೀದಿಯಲ್ಲಿ ಯಾವ ಮನುಷ್ಯನೂ ಒಳಗೆ ಇಳಿಯಬಾರದು. ಕೊನೆಯ ನಲ್ಲಿಯ ಕ್ಲೋರಿನ್ ಪರೀಕ್ಷೆಯನ್ನು ವಾರಕ್ಕೊಮ್ಮೆ ನಮ್ಮೆದುರು ಮಾಡಿ ಗಿರಣಿ ಗೋಡೆಯ ಮೇಲೆ ಬರೆಯಬೇಕು. ಪೈಪು ಜೋಡಿಸುವಾಗ ಎರೆ ಮಣ್ಣಿನ ಬದಲು ಮರಳು, ಗರಸು ತುಂಬಬೇಕು. ನೀರು ಮತ್ತು ಯುಜಿಡಿಯ ಜಮಾ ಖರ್ಚನ್ನು ಬೇರೆ ಖಾತೆಯಲ್ಲಿಟ್ಟು ವರ್ಷಕ್ಕೊಮ್ಮೆ ವಾರ್ಡಿನಲ್ಲಿ ಓದಿ ಹೇಳಬೇಕು. ಮೀಟರ್ ಹಾಕುವುದಾದರೆ ಬಡ ಮನೆಗಳಿಗೆ ಬೇಕಾದಷ್ಟು ನೀರಿಗೆ ಕಡಿಮೆ ದರ ಅಂತ ಮೊದಲೇ ಬರಹದಲ್ಲಿ ಕೊಡಬೇಕು. ಇಷ್ಟಾದರೆ ಬೀದಿಯ ಎಲ್ಲ ಮನೆಗಳ ಬಾಕಿ ಬಿಲ್ ಕಟ್ಟಿಸುವ ಜವಾಬ್ದಾರಿ ನಮ್ಮದು. ಈ ಪೈಪು ಮುಗಿದ ಕಾಲಕ್ಕೆ ಹೊಸದು ಹಾಕಲು ಯಾವ ವರ್ಷ, ಯಾವ ಯೋಜನೆಯ ದುಡ್ಡು ಅಂತ ಈಗಲೇ ತಿಳಿಸಬೇಕು."

ರಾಯಚೂರಿನ ಅಕ್ಕ

ಕ್ಲೋರಿನ್ ವಾರಕ್ಕೊಮ್ಮೆ ಸಾಲದು ತಮ್ಮಾ. ನೀರು ಬಿಟ್ಟ ಪ್ರತಿ ದಿನ ಅಂತ ಬರೆಯಿರಿ. ಪೈಪು ರಿಪೇರಿ ಆದ ದಿನ ಎರಡು ಸಲ.

ಯುಜಿಡಿ ಕೆಲಸಗಾರನ ಮಗಳು

ಮ್ಯಾನ್‌ಹೋಲ್ ಸಾಲನ್ನು ಮಧ್ಯದಲ್ಲಿ ಇಟ್ಟಿದ್ದೀರಿ. ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ನಿವೃತ್ತ ಜೆಇ, ಹೊಸಪೇಟೆ

ನಾಳೆ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ. ಗಿರಣಿ ಮುಂದೆ ಎಷ್ಟು ಹೊತ್ತಿಗೆ?

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ಏಳೂವರೆಗೆ ಸರ್. ತಿಂಡಿ ನಮ್ಮ ಮನೆಯಲ್ಲೇ ಆಗಲಿ, ಅವ್ವ ಈಗಲೇ ಹೇಳಿಟ್ಟಿದ್ದಾಳೆ. ಅಕ್ಕ, ಪ್ರತಿ ದಿನ ಅಂತ ತಿದ್ದಿದೆ. ಒಡೆದ ಮುಚ್ಚಳದ ಸುತ್ತ ನಾಲ್ಕು ಕಲ್ಲು ಇಟ್ಟು, ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಬಂದಿದ್ದೇನೆ, ರಾತ್ರಿ ಮಕ್ಕಳು ಆ ಕಡೆ ಓಡಾಡುತ್ತಾರೆ. ಬರುವವರು ನೋಡಿಕೊಂಡು ಬನ್ನಿ.